ಸಿಟ್ಟು ಗೊತ್ತಿಲ್ಲದ ಹುಡುಗಿ

ಚಿಕ್ಕೋಡಿಯಿಂದ ಕಾಗವಾಡಕ್ಕೆ ಹೋಗುವ ಬಸ್ಸಿನಲ್ಲಿ ನಾನು ಮತ್ತು ಹದಿನಾರು ವರ್ಷದ ನನ್ನ ಮಗಳು ಶೋಭಾ ಕೂತಿದ್ದೆವು. ಅವಳಿಗೆ ಹುಟ್ಟಿನಿಂದ ಡೌನ್ಸ್ ಸಿಂಡ್ರೋಮ್. ನನ್ನ ಪಕ್ಕದಲ್ಲಿ ಕೂತ ಅಜ್ಜ ಅವಳ ಮುಖ ನೋಡಿದವರೇ ನನ್ನನ್ನು ವಿಚಾರಿಸತೊಡಗಿದರು.

"ಬಸರಿದ್ದಾಗ ಗ್ರಹಣದಾಗ ಹೊರಗ ಬಂದಿದ್ದೇನವಾ?"

"ಇಲ್ರಿ ಅಜ್ಜಾರ."

"ಹಂಗಾದ್ರ ಸೋದರಮಾವನ್ನ ಮಾಡಿಕೊಂಡಿರಬೇಕು."

"ನಮ್ಮ ಮನಿಯವರು ಸಂಬಂಧದವರಲ್ರಿ. ಈಕಿ ಮೈಯಾಗಿನ ಜೀವಕೋಶದಾಗ ಒಂದು ವರ್ಣತಂತು ಹೆಚ್ಚಿಗಿ ಐತಿ. ಯಾರ ತಪ್ಪೂ ಅಲ್ಲಂತ ಡಾಕ್ಟರು ಹೇಳ್ಯಾರ."

ಎಲ್ಲ ತಿಳಿದವರಂತೆ ತಲೆಯಾಡಿಸಿ ಅಜ್ಜ, "ನಮ್ಮೂರಾಗ ತಾಯತ ಕಟ್ತಾರ, ಆರಾಮ ಆಗ್ತಾಳ" ಎಂದರು.

"ಇದು ಜಡ್ಡಲ್ರಿ, ಆರಾಮ ಆಗಾಕ."

ಇದೇ ಮಾತನ್ನು ಎಷ್ಟು ಬಸ್ಸುಗಳಲ್ಲಿ ಹೇಳಿದ್ದೇನೋ. ಹೇಳಿ ಹೇಳಿ ಸಾಕಾಗಿತ್ತು. ಅಜ್ಜ ಸಮಾಧಾನಕ್ಕಿಳಿದರು.

"ಹೋಗ್ಲಿ ಬಿಡವಾ. ಇಂಥಾ ಮಕ್ಕಳು ದೇವರಂಥಾವು. ಯಾವಾಗ್ಲೂ ನಗತಿರ್ತಾವ, ಸಿಟ್ಟ ಅನ್ನೂದ ಗೊತ್ತಿರೂದಿಲ್ಲ."

ಕಿಟಕಿ ಪಕ್ಕದಲ್ಲಿದ್ದ ಶೋಭಾ ಇತ್ತ ತಿರುಗಿದಳು. ಅವಳ ಮಾತು ತುಸು ತೊದಲು. ನಿಧಾನವಾಗಿ ಹೇಳಿದಳು: "ಅಜ್ಜಾ, ನನಗ ಸಿಟ್ಟ ಬಂದೈತಿ."

"ಏನಂತಾಳವಾ?" ಅಜ್ಜ ಮತ್ತೆ ನನ್ನನ್ನೇ ಕೇಳಿದರು.

"ಆಕಿನ್ನ ಕೇಳ್ರಿ" ಎಂದೆ.

ಅವರು ಕೇಳುವ ಮೊದಲೇ ಶೋಭಾ, "ನನ್ನ ಸುದ್ದಿ ಮಾತಾಡ್ತೀರಿ, ನನ್ನ ಜೋಡಿ ಮಾತಾಡವಲ್ರಿ" ಎಂದಳು.

ಬಸ್ಸು ಕೃಷ್ಣಾ ಹೊಳೆ ದಾಟಿದ ಮೇಲೆ ಅಜ್ಜ ನನ್ನ ಆಚೆ ಬಾಗಿ, "ನಿನ್ನ ಹೆಸರೇನವಾ?" ಎಂದು ಅವಳನ್ನೇ ಕೇಳಿದರು. ಕಾಗವಾಡ ಬರುವತನಕ ಅವಳು ಬಾಯಿ ಬಿಡಲಿಲ್ಲ.

ಹಿರಿಯರು ಕೇಳಿದರೆ ಉತ್ತರ ಕೊಡಬೇಕೆಂದು ಅವಳಿಗೆ ಕಲಿಸಿದವಳು ನಾನೇ. ಅಂದು ಮಾತ್ರ ಅದನ್ನು ನೆನಪಿಸಲು ನನಗೆ ಮನಸ್ಸಾಗಲಿಲ್ಲ.