ಜೋಳಿಗೆಗೆ ಹಾಕಿದ ಬೀಡಿ ಕಟ್ಟು

ನಿವೃತ್ತಿಗೆ ಮುಂಚಿನ ಕೆಲವು ವರ್ಷ ನಾನು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ತಿಂಗಳಿಗೊಮ್ಮೆ ನಡೆಯುತ್ತಿದ್ದ ಮಾನಸಿಕ ಆರೋಗ್ಯ ಶಿಬಿರಗಳ ವೈದ್ಯನಾಗಿದ್ದೆ. ನೇಸರಗಿಯ ಟೇಲರ್ ಈರಪ್ಪನನ್ನು ಅವನ ಅಕ್ಕ ಗಂಗವ್ವ ಬೈಲಹೊಂಗಲದ ಶಿಬಿರಕ್ಕೆ ಕರೆತಂದಳು. ಸ್ಕಿಜೋಫ್ರೇನಿಯಾ. ಯಾರೂ ಇಲ್ಲದಾಗಲೂ ಅವನಿಗೆ ಬೈಗುಳ ಕೇಳಿಸುತ್ತಿತ್ತು.

ಅವನು ನುಂಗುತ್ತಿದ್ದ ಹಳೆಯ ಮಾತ್ರೆ ಹ್ಯಾಲೊಪೆರಿಡಾಲ್. ಅದರಿಂದ ಧ್ವನಿಗಳು ನಿಲ್ಲಲಿಲ್ಲ, ಕೈಕಾಲು ಮಾತ್ರ ಬಿಗಿದವು. ಆ ಬಿಗಿತಕ್ಕೆ ಬೀಡಿ ಕೊಂಚ ಹಾಯೆನಿಸುತ್ತದೆ. ಅಂಥವರಲ್ಲಿ ಸೇದುವ ಚಟ ಹೆಚ್ಚುವುದುಂಟು. ಈರಪ್ಪ ಒಂದರ ಬೆಂಕಿಯಿಂದಲೇ ಇನ್ನೊಂದನ್ನು ಹಚ್ಚುತ್ತಿದ್ದ. ಕ್ಲೋಜಪಿನ್ ಎಂಬ ಬೇರೆ ಮಾತ್ರೆಗೆ ಬದಲಿಸಿ, ನಿಯಮದಂತೆ ರಕ್ತ ಪರೀಕ್ಷೆ ಮಾಡಿಸುತ್ತ ಪ್ರಮಾಣ ಏರಿಸಿದೆ. ಧ್ವನಿಗಳು ಅಡಗಿದವು. ಬೀಡಿಯ ಆಸೆಯೂ ತಗ್ಗಿತು, ಆದರೆ ಪೂರ್ತಿ ಬಿಡಲಿಲ್ಲ. ಈರಪ್ಪ ಮತ್ತೆ ಜಂಪರ್ ಹೊಲಿಯತೊಡಗಿದ.

ಬೀಡಿಯ ಹೊಗೆ ಲಿವರನ್ನು ಚುರುಕುಗೊಳಿಸಿ ಈ ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ. ಸೇದುವುದು ತಟ್ಟನೆ ನಿಂತರೆ ಅದೇ ಮಾತ್ರೆ ಮೈಯಲ್ಲಿ ಉಳಿದು ವಿಷವಾಗಬಹುದು. "ಬಿಡೂದಿದ್ರ ಮೊದ್ಲ ನನಗ ಹೇಳ್ರಿ" ಎಂದು ಇಬ್ಬರಿಗೂ ಹೇಳಿದ್ದೆ. ಆದರೆ ಶ್ರಾವಣದಲ್ಲಿ ಸ್ವಾಮಿಗಳು ದುಶ್ಚಟಗಳನ್ನೇ ಭಿಕ್ಷೆ ಬೇಡುತ್ತ ಓಣಿಗೆ ಬಂದು ಜೋಳಿಗೆ ಒಡ್ಡಿದಾಗ ಡಾಕ್ಟರನ್ನು ಯಾರು ನೆನೆಯುತ್ತಾರೆ? ಈರಪ್ಪ ಬೀಡಿ ಕಟ್ಟನ್ನು ಜೋಳಿಗೆಗೆ ಹಾಕಿ ಅಡ್ಡಬಿದ್ದ. ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು.

ಮುಂದಿನ ವಾರ ಜೊಲ್ಲು ಸುರಿಸುತ್ತ ಹಗಲೆಲ್ಲ ಮಲಗಿದ. ಮನೆಯವರು "ಶಾಂತ ಆಗ್ಯಾನ" ಎಂದುಕೊಂಡರು. ಆಮೇಲೆ ಫಿಟ್ಸ್ ಬಂದು ಉರಿಯುವ ಒಲೆಯ ಮೇಲೆ ಬಿದ್ದ, ಎಡಗೈ ಸುಟ್ಟಿತು. ಆಸ್ಪತ್ರೆಗೆ ಸೇರಿಸಿ ಮಾತ್ರೆ ನಿಲ್ಲಿಸಿದೆ. ಚೇತರಿಸಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಶುರುಮಾಡಿದೆ.

"ಬೀಡಿ ಬಿಟ್ಟಿದ್ದ ತಪ್ಪಾತೇನ್ರಿ ಸಾಹೇಬ್ರ?" ಗಂಗವ್ವ ಕೇಳಿದಳು.

"ಇಲ್ಲವ್ವಾ, ಚಲೋನ ಆತು. ಇನ್ನ ಗುಳಿಗಿ ಇಷ್ಟ ಸಾಕು."

ಎರಡು ತಿಂಗಳ ನಂತರ ಈರಪ್ಪ ಎರಡೂ ಕಿವಿ ಮುಚ್ಚಿಕೊಂಡು ಬಂದ. ಬೈಗುಳ ಮರಳಿದ್ದವು. ಅಂಗಿಯಲ್ಲಿ ಬೀಡಿಯ ವಾಸನೆ. ಗಂಗವ್ವನನ್ನು ಕೇಳಿದರೆ ಸೆರಗು ಬಾಯಿಗೊತ್ತಿ ಅತ್ತಳು.

"ಬೀಡಿ ಸೇದ್ತಿದ್ದಾಗ ಫಿಟ್ಸ್ ಇರ್ಲಿಲ್ಲರಿ. ಅದಕ್ಕ ಹಿತ್ತಲದಾಗ ಕುಂದ್ರಿಸಿ ನಾನ ಹಚ್ಚಿ ಕೊಟ್ಟೆ. ಜೋಳಿಗಿಗೆ ಹಾಕಿದ್ದನ್ನ ತಿರುಗಿ ಹಿಡಿಸೀನಿ ಅಂತ ಯಾರ ಮುಂದ ಹೇಳ್ಲಿರಿ?"

ತಗ್ಗಿಸಿದ್ದ ಮಾತ್ರೆಯನ್ನು ಹೊಗೆ ಮತ್ತೆ ಕರಗಿಸಿಬಿಟ್ಟಿತ್ತು. ಪ್ರಮಾಣ ಮತ್ತೆ ಏರಿಸಿದೆ. ಈ ಸಲ ಧ್ವನಿಗಳು ಪೂರ್ತಿ ಅಡಗಲಿಲ್ಲ. ಈರಪ್ಪ ಮತ್ತೆ ಕತ್ತರಿ ಹಿಡಿಯಲೇ ಇಲ್ಲ. ಅಂದಿನಿಂದ ನಿವೃತ್ತನಾಗುವವರೆಗೆ, ಈ ಮಾತ್ರೆ ಬರೆದಾಗಲೆಲ್ಲ ಮನೆಯವರಿಗೆ ಇನ್ನೊಂದು ಮಾತು ಸೇರಿಸಿ ಹೇಳುತ್ತಿದ್ದೆ: "ಬಿಟ್ಟ ಬೀಡಿ ಮತ್ತ ಹಿಡಿದ್ರೂ ಹೇಳ್ರಿ. ನಾ ಬೈಯಾಂಗಿಲ್ಲ."