ಪಾಸ್‌ವರ್ಡಿನಲ್ಲಿ ನನ್ನ ಅರ್ಧ ಪಾಲು

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಮೊದಲ ಕಂಪ್ಯೂಟರ್ ಬಂದದ್ದು ನನ್ನ ದೊಡ್ಡಪ್ಪನ ಮನೆಗೆ. ಆಟೋದಿಂದ ಆ ರಟ್ಟಿನ ಪೆಟ್ಟಿಗೆಗಳನ್ನು ಇಳಿಸುವಾಗ ಅಕ್ಕಪಕ್ಕದ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಮದುಮಗಳು ಬಂದಳೇನೋ ಎಂಬಂತೆ ಜನ ಬಾಗಿಲಿಗೆ ಬಂದು ನಿಂತರು. ದೊಡ್ಡಮ್ಮ ಮಾನಿಟರಿಗೆ ಕುಂಕುಮ ಇಟ್ಟು ಆರತಿ ಎತ್ತಿದಳು.

ದೊಡ್ಡಪ್ಪ ಸೀರೆಯ ಅಂಚಿಗೆ ಡಿಸೈನ್ ಬರೆಯುವವನು. ಗಿಳಿ, ಹಂಸ, ಮಾವಿನಕಾಯಿ, ಗೋಪುರ ಎಲ್ಲವನ್ನೂ ಗ್ರಾಫ್ ಹಾಳೆಯ ಸಣ್ಣ ಚೌಕಗಳಲ್ಲಿ ಪೆನ್ಸಿಲಿನಿಂದ ತುಂಬುತ್ತಿದ್ದ. ಅದನ್ನು ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು, ಆ ಕಾರ್ಡುಗಳನ್ನು ಮಗ್ಗದ ಮೇಲಿರುವ ಜಕಾರ್ಡಿಗೆ ಕಟ್ಟಿದರೆ ಸೀರೆಯ ಅಂಚಿನಲ್ಲಿ ಗಿಳಿ ಮೂಡುತ್ತಿತ್ತು. ಅದೇ ಚೌಕಗಳನ್ನು ಕಂಪ್ಯೂಟರಿನಲ್ಲಿ ತುಂಬಿದರೆ ಅಳಿಸಿ ತಿದ್ದುವುದು ಸುಲಭ ಎಂದು ಬೆಂಗಳೂರಿನಲ್ಲಿ ಯಾರೋ ಅವನಿಗೆ ತೋರಿಸಿದ್ದರು. ನಾನು ಪಿಯುಸಿ ಮುಗಿಸಿ, ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದವಳು. ಮೌಸು ಹಿಡಿಯುವ ಕೆಲಸ ನನಗೆ ಬಿತ್ತು. ಅವನು ಪಕ್ಕದಲ್ಲಿ ಕುಳಿತು ‘ಗಿಳಿ ಕೊಕ್ಕು ಇನ್ನೊಂಚೂರು ಬಗ್ಗಲಿ’ ಅನ್ನುತ್ತಿದ್ದ. ನಾನು ಬಗ್ಗಿಸುತ್ತಿದ್ದೆ. ಒಂದು ಗುಂಡಿ ಒತ್ತಿದರೆ ಪರದೆಯ ತುಂಬ ಗಿಳಿಗಳ ಸಾಲು! ಮೊದಲ ಸಲ ಅದನ್ನು ನೋಡಿ ನಾವಿಬ್ಬರೂ ಕಿರುಚಿದ್ದು ನನಗಿನ್ನೂ ನೆನಪಿದೆ.

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ ಅದು ಪಾಸ್‌ವರ್ಡ್ ಕೇಳುತ್ತಿತ್ತು. ಮಾರಿದವರೇ ಹಾಗೆ ಮಾಡಿ ಕೊಟ್ಟಿದ್ದರು. ದೊಡ್ಡಪ್ಪ ಮನೆದೇವರ ಹೆಸರನ್ನೇ ಇಡಿಸಿದ್ದ. ಗೋಡೆಯಾಚೆಗೆ ನಾಲ್ಕು ಪವರ್‌ಲೂಮು ಓಡುವ ಮನೆ ಅದು. ಅಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದೇ ಇಲ್ಲ. ಮೊದಲ ದಿನ ನಾನು ‘ಪಾಸ್‌ವರ್ಡ್ ಏನು ದೊಡ್ಡಪ್ಪಾ?’ ಎಂದು ಕೂಗಿ ಕೇಳಿದೆ. ಅವನು ಹಿತ್ತಲಿನಿಂದಲೇ ‘ಅದೇ ಕಣಮ್ಮಾ, ನಮ್ಮನೆ ದೇವ್ರು!’ ಎಂದು ಕೂಗಿದ. ಬೀದಿಯ ಕೊನೆಯವರೆಗೆ ಕೇಳಿಸಿರಬೇಕು.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಮದುವೆ ಮನೆಯಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ಒಳಗೆ ನುಗ್ಗಿದಳು.

“ನಮ್ಮ ಗಿಳಿ ಉಟ್ಕೊಂಡು ಕೂತಿದಾರೆ ಕಣ್ರೀ ಅಲ್ಲಿ!”

ಯಾವ ಮಗ್ಗಕ್ಕೂ ನಾವಿನ್ನೂ ಕೊಟ್ಟಿರದ ಗಿಳಿ ಅಂಚು ಅದು. ಬಾಗಿದ ಕೊಕ್ಕಿನ ಸಮೇತ ಬೇರೆಯವರ ಸೀರೆಯಲ್ಲಿ ಬಂದುಬಿಟ್ಟಿತ್ತು. ಕಂಪ್ಯೂಟರ್ ಇದ್ದ ಮುಂದಿನ ಕೋಣೆಗೆ ದಿನವೂ ಯಾರಾದರೂ ಬರುತ್ತಿದ್ದರು, ನೋಡುತ್ತಿದ್ದರು, ಕೂರುತ್ತಿದ್ದರು. ನಾವು ಕಂಪ್ಯೂಟರ್ ಆರಿಸಿ ಊಟಕ್ಕೆ ಎದ್ದಾಗ ಯಾರೋ ಮನೆದೇವರ ಹೆಸರು ಒತ್ತಿ, ಒಂದು ಫ್ಲಾಪಿ ಹಾಕಿ ಡಿಸೈನನ್ನು ತುಂಬಿಕೊಂಡು ಹೋಗಿದ್ದರು. ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಡಿಸೈನಿನವನಿದ್ದ. ದೊಡ್ಡಮ್ಮನಿಗೆ ಅವನ ಮೇಲೇ ಗುಮಾನಿ. ದೊಡ್ಡಪ್ಪ ಯಾರ ಹೆಸರನ್ನೂ ಎತ್ತಲಿಲ್ಲ.

“ಯಾರ್ ತಗೊಂಡ್ರು ಅಂತ ಜಗಳ ಆಡಿದ್ರೆ ಗಿಳಿ ವಾಪಸ್ ಬರುತ್ತಾ? ಇನ್ನೊಂದು ಒಳ್ಳೇದು ಬರೀತೀನಿ. ಅದು ಹೋಗದಂಗೆ ನೋಡ್ಕೊ ಅಷ್ಟೇ,” ಎಂದ ನನಗೆ.

ಅವತ್ತೇ ನಾನು ಅವನಿಗೆ ಪಂಥ ಕಟ್ಟಿದೆ. “ನೀನು ಯಾವ ಪಾಸ್‌ವರ್ಡಾದ್ರೂ ಇಡು ದೊಡ್ಡಪ್ಪ. ನಾನು ಕಂಡುಹಿಡೀತೀನಿ.”

“ಆಗಲ್ಲ ಬಿಡು,” ಎಂದು ನಕ್ಕು, ನನ್ನನ್ನು ಹೊರಗೆ ಕಳಿಸಿ ಏನೋ ಇಟ್ಟ. ನಾನು ಬಂದು ದೊಡ್ಡಮ್ಮನ ಹೆಸರು ಒತ್ತಿದೆ. ಬಾಗಿಲು ತೆರೆದಂತೆ ಕಂಪ್ಯೂಟರ್ ತೆರೆಯಿತು! ದೊಡ್ಡಮ್ಮ ನಾಚಿಕೊಂಡು ಅಡುಗೆಮನೆಗೆ ಓಡಿದಳು. ಎರಡನೇ ಸಲ ಅವನು ಬಹಳ ಯೋಚನೆ ಮಾಡಿ ಇಟ್ಟ. ಅದು ಅವನ ಸ್ಕೂಟರಿನ ನಂಬರು. ಮೂರನೆಯದಕ್ಕೆ ಮನೆದೇವರನ್ನೇ ಹಿಂದುಮುಂದಾಗಿ ಬರೆದಿದ್ದ. ಅದಕ್ಕೆ ಮಾತ್ರ ನಾನು ಒಂದಷ್ಟು ಹೊತ್ತು ತಿಣುಕಬೇಕಾಯಿತು. ಮೂರು ಸಲ ತಪ್ಪಾದರೆ ಕಂಪ್ಯೂಟರ್ ಮುನಿಸಿಕೊಂಡು ನಿಂತುಬಿಡುತ್ತಿತ್ತು. ಆರಿಸಿ ಮತ್ತೆ ಹಚ್ಚಬೇಕಿತ್ತು. ನಾನು ಆರಿಸುತ್ತ ಹಚ್ಚುತ್ತ ಕೊನೆಗೂ ಹಿಡಿದಾಗ ದೊಡ್ಡಪ್ಪ ತೊಡೆ ತಟ್ಟಿ ನಕ್ಕ.

“ಲೇ, ನೀನು ಪೊಲೀಸ್‌ಗೆ ಸೇರ್ಕೊಬೇಕಿತ್ತು ಕಣೇ!”

ಆಮೇಲೆ ನನ್ನ ಸರದಿ. ಕಂಪ್ಯೂಟರ್ ಕ್ಲಾಸಿನಲ್ಲಿ ಮೇಡಂ ಹೇಳಿಕೊಟ್ಟಿದ್ದ ಉಪಾಯ ನನ್ನ ಬಳಿ ಇತ್ತು. ಹೆಸರು ಬೇಡ, ಹುಟ್ಟಿದ ತಾರೀಖು ಬೇಡ. ನಿಮಗೆ ಮಾತ್ರ ಗೊತ್ತಿರುವ ಒಂದು ಮಾತು ಹುಡುಕಿ, ಅದರ ಒಂದೊಂದು ಪದದ ಮೊದಲ ಅಕ್ಷರವನ್ನು ಇಂಗ್ಲಿಷಿನಲ್ಲಿ ಜೋಡಿಸಿ, ನಡುವೆ ಒಂದು ಅಂಕಿ ಸೇರಿಸಿ. ನೋಡಿದವರಿಗೆ ಅದು ಅರ್ಥವಿಲ್ಲದ ಅಕ್ಷರದ ರಾಶಿ, ನಿಮಗೆ ಮಾತ್ರ ಮರೆಯದ ಮಾತು. ನಾನು ಹಾಗೆ ಒಂದನ್ನು ಇಟ್ಟು ‘ಹಿಡೀರಿ ನೋಡೋಣ, ಹಿಡಿದೋರಿಗೆ ಮಸಾಲೆ ದೋಸೆ’ ಎಂದೆ. ದೊಡ್ಡಪ್ಪನಿಗೆ ಊಟ ರುಚಿಸದಾಯಿತು. ಕಾರ್ಡು ಹೊಡೆಯುವವರು, ನೂಲು ತರುವವರು, ಹಾಲು ಹಾಕುವವರು, ಎಲ್ಲರೂ ಬಂದು ಬಂದು ಒತ್ತಿದರು. ಒಬ್ಬರಿಗೂ ತೆರೆಯಲಿಲ್ಲ. ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಮಗ್ಗಗಳಿಗೆ ರಜೆ ಇದ್ದ ಒಂದು ದಿನ ಮನೆ ತಣ್ಣಗಿತ್ತು. ದೊಡ್ಡಮ್ಮ ನನ್ನ ಹಿಂದೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಪಾಸ್‌ವರ್ಡ್ ಒತ್ತಿ ಕೆಲಸಕ್ಕೆ ಕುಳಿತೆ. ಆರಿಸಿ ಊಟಕ್ಕೆ ಹೋಗಿ ಮಧ್ಯಾಹ್ನ ಬಂದು ನೋಡಿದರೆ ಕಂಪ್ಯೂಟರ್ ಹಚ್ಚಿದೆ, ಪರದೆಯ ಮೇಲೆ ಹಂಸ ಕುಳಿತಿದೆ, ಅದರ ಮುಂದೆ ದೊಡ್ಡಮ್ಮ ಕುಳಿತಿದ್ದಾಳೆ!

“ಹೆಂಗ್ ತೆಗೆದೆ ದೊಡ್ಡಮ್ಮಾ?”

“ನೀನೇ ಹೇಳ್ದಲ್ಲ! ಒಂದೊಂದ್ ಅಕ್ಷರ ಒತ್ತುವಾಗ್ಲೂ ಬಾಯಲ್ಲಿ ಮಣಮಣ ಅಂತೀಯ. ದಿನಾ ಮಗ್ಗದ ಸದ್ದಲ್ಲಿ ಕೇಳಿಸ್ತಿರ್ಲಿಲ್ಲ, ಇವತ್ತು ಕೇಳಿಸ್ತು. ನಡಿ, ಮಸಾಲೆ ದೋಸೆ ಕೊಡ್ಸು!”

ದೋಸೆ ಕೊಡಿಸಿದೆ. ತಿನ್ನುತ್ತ ತಿನ್ನುತ್ತಲೇ ದೊಡ್ಡಪ್ಪನಿಗೆ ಹೊಸ ಯೋಚನೆ ಹೊಳೆಯಿತು. ಒಬ್ಬರ ಬಾಯಿ ನಂಬುವ ಹಾಗಿಲ್ಲ. ಪಾಸ್‌ವರ್ಡಿನಲ್ಲಿ ಎಂಟು ಅಕ್ಷರ ಹಿಡಿಯುತ್ತದೆ. ಮೊದಲ ನಾಲ್ಕು ಅವನದು, ಕೊನೆಯ ನಾಲ್ಕು ನನ್ನದು. ಅವನದು ನನಗೆ ಗೊತ್ತಿರಬಾರದು, ನನ್ನದು ಅವನಿಗೆ ಗೊತ್ತಿರಬಾರದು. ಅಂದಿನಿಂದ ಪ್ರತಿ ಬೆಳಿಗ್ಗೆ ಅದೊಂದು ಪೂಜೆಯಂತೆ ನಡೆಯಿತು. ಅವನು ಒತ್ತುವಾಗ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ, ನಾನು ಒತ್ತುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಾನು ಸೆರಗಿನಿಂದ ಬಾಯಿ ಒತ್ತಿ ಹಿಡಿದುಕೊಳ್ಳುತ್ತಿದ್ದೆ.

ಆ ದಿನಗಳಲ್ಲಿ ದೊಡ್ಡಪ್ಪ ಬರೆದದ್ದು ನವಿಲಿನ ಅಂಚು. ಒಂದು ನವಿಲಿನ ಗರಿ ಮುಂದಿನ ನವಿಲಿನ ಕೊರಳಾಗಿ, ಅದರ ಗರಿ ಮತ್ತೊಂದರ ಕೊರಳಾಗಿ ಬಳ್ಳಿಯಂತೆ ಸಾಗುತ್ತಿತ್ತು. ಎಲ್ಲಿ ಶುರು, ಎಲ್ಲಿ ಕೊನೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಕಾಗದದ ಮೇಲೆ ಅದು ಇರಲೇ ಇಲ್ಲ. ಪೂರ್ತಿ ಕಂಪ್ಯೂಟರಿನಲ್ಲೇ ಹುಟ್ಟಿದ್ದು. ಬೆಂಗಳೂರಿನ ಚಿಕ್ಕಪೇಟೆಯ ಒಬ್ಬ ಸೀರೆ ವ್ಯಾಪಾರಿ ಮುಂದಿನ ವಾರ ಬಂದು ನೋಡುತ್ತೇನೆ ಎಂದಿದ್ದರು.

ಆ ಮಧ್ಯೆ ದೇವನಹಳ್ಳಿಯ ಆಚೆಯ ವಿಜಯಪುರದಲ್ಲಿ ನನ್ನ ಸೋದರತ್ತೆಯ ಮೊಮ್ಮಗುವಿಗೆ ನಾಮಕರಣ. ಬೆಳಿಗ್ಗೆ ಇಬ್ಬರೂ ಸೇರಿ ಕಂಪ್ಯೂಟರ್ ಹಚ್ಚಿಟ್ಟು, ಆರಿಸಬೇಡ ಎಂದು ಹೇಳಿ, ನಾನು ದೇವನಹಳ್ಳಿಯ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ಅತ್ತೆಯ ಮನೆಗೆ ಹೋಗಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದೆ. ಎದುರಿನ ದಿನಸಿ ಅಂಗಡಿಯವರು ರಸ್ತೆ ದಾಟಿ ಓಡಿಬಂದರು.

“ದೊಡ್ಡಬಳ್ಳಾಪುರದಿಂದ ಫೋನು! ಅರ್ಜೆಂಟಂತೆ!”

ಮಗುವನ್ನು ಪಕ್ಕದವರ ತೊಡೆಗೆ ಹಾಕಿದೆ. ನಾನು ಓಡಿದೆ. ನನ್ನ ಹಿಂದೆ ನಾಮಕರಣಕ್ಕೆ ಬಂದವರಲ್ಲಿ ಅರ್ಧ ಜನ ಓಡಿಬಂದರು. ರಿಸೀವರ್ ಎತ್ತಿದರೆ ದೊಡ್ಡಪ್ಪನ ಗಂಟಲು ಅಂಗಡಿಯ ತುಂಬ ಕೇಳಿಸಿತು.

“ಕರೆಂಟ್ ಹೋಗ್ಬಿಡ್ತು ಕಣಮ್ಮಾ! ಈಗ ಬಂದಿದೆ. ಚಿಕ್ಕಪೇಟೆಯೋರು ಇವತ್ತೇ ಬಂದ್ಬಿಟ್ಟಿದಾರೆ! ಮನೇಲಿ ಕೂತಿದಾರೆ, ಇನ್ನೊಂದ್ ಬಸ್ಸಿಗೆ ಹೊರಟುಬಿಡ್ತಾರಂತೆ. ನಿನ್ನ ಪಾಲು ಹೇಳು!”

ಅಕ್ಷರ ಹೇಳುವ ಮೊದಲು ನಾನು ಕೇಳಿದೆ. “ನೀನೆಲ್ಲಿಂದ ಮಾತಾಡ್ತಿದೀಯಾ?”

“ಎಸ್‌ಟಿಡಿ ಬೂತಿಂದ. ಇಲ್ಲಿ ಎಲ್ಲಾ ಇದಾರೆ. ಪಕ್ಕದ ಬೀದಿ ಡಿಸೈನ್ ಮಾಡೋ ನಮ್ಮ ಸ್ನೇಹಿತರೂ ಇದಾರೆ, ನನ್ನ ಹಿಂದೇನೇ ನಿಂತಿದಾರೆ!”

ಸ್ನೇಹಿತರು ಎಂಬ ಪದವನ್ನು ಅವನು ಒತ್ತಿ ಹೇಳಿದ. ನಾನು ಅಕ್ಷರ ಹೇಳಿದರೆ ಮುಗಿಯಿತು. ಲೈನಿನಲ್ಲಿ ಗೊರಗೊರ ಸದ್ದು. ದೊಡ್ಡಪ್ಪನಿಗೋ, ಕೇಳಿದ್ದನ್ನೆಲ್ಲ ದೊಡ್ಡದಾಗಿ ತಿರುಗಿ ಹೇಳುವ ಅಭ್ಯಾಸ. ಮಗ್ಗದ ಮನೆಯವರೆಲ್ಲರಿಗೂ ಅದು ಇರುತ್ತದೆ. ಈ ಕಡೆ ನೋಡಿದರೆ ನೆಂಟರೆಲ್ಲ ಕಿವಿಯನ್ನು ನನ್ನ ಕಡೆಗೇ ಇಟ್ಟು ನಿಂತಿದ್ದಾರೆ. ಆದರೆ ಹೇಳಬೇಕೆ, ಹೆದರಿಕೆಗಿಂತ ಹೆಚ್ಚಾಗಿ ನನಗೆ ಒಂಥರಾ ಹುರುಪು ಬಂದುಬಿಟ್ಟಿತ್ತು.

ನನ್ನ ಪಾಲಿನ ನಾಲ್ಕು ಅಕ್ಷರ ಒಂದು ಹಳೆಯ ಘಟನೆಯದು. ತೀರ ಚಿಕ್ಕವಳಿದ್ದಾಗ ದೊಡ್ಡಪ್ಪನ ಜೊತೆ ತೂಬಗೆರೆಗೆ ಹೋಗಿದ್ದೆ. ಇಳಿಯುವ ಗಡಿಬಿಡಿಯಲ್ಲಿ ಒಂದು ಚಪ್ಪಲಿ ಬಸ್ಸಿನಲ್ಲೇ ಉಳಿದು ಬಸ್ಸು ಹೊರಟುಹೋಗಿತ್ತು. ತೂಬಗೆರೆ, ಬಸ್ಸು, ಒಂದು, ಚಪ್ಪಲಿ. ಟಿ, ಬಿ, ಅಂಕಿಯ ಒಂದು, ಸಿ.

“ದೊಡ್ಡಪ್ಪಾ, ಈಗ ನಾನು ಕೇಳೋದಕ್ಕೆ ಬಾಯಲ್ಲಿ ಉತ್ತರ ಹೇಳ್ಬೇಡ. ಮನಸ್ಸಲ್ಲೇ ಇಟ್ಕೊ.”

“ಮನಸ್ಸಲ್ಲೇ ಇಟ್ಕೊ!” ಎಂದು ಅವನು ಕೂಗಿದ.

“ನಾನು ಚಿಕ್ಕೋಳಿದ್ದಾಗ ಒಂದ್ಸಲ ದಾರಿ ಉದ್ದಕ್ಕೂ ಅಳ್ತಿದ್ದೆ. ನೀನು ಹೆಗಲ ಮೇಲೆ ಹೊತ್ಕೊಂಡು ಹೋದೆ. ನೆನಪಿದೆಯಾ?”

“ಹೆಗಲ ಮೇಲೆ ಹೊತ್ಕೊಂಡು...” ಎಂದು ಅರ್ಧಕ್ಕೆ ನಿಂತ. ಗೊರಗೊರ ಸದ್ದೊಂದೇ. ಆಮೇಲೆ ಒಮ್ಮೆಗೇ ಅವನ ನಗು ಕೇಳಿಸಿತು. “ಹ್ಞಾಂ! ಹ್ಞಾಂ! ಇದೆ, ಇದೆ!”

“ಯಾವ ಊರು? ಯಾವುದರಲ್ಲಿ ಹೋಯ್ತು? ಎಷ್ಟು ಹೋಯ್ತು? ಏನು ಹೋಯ್ತು? ಇದೇ ವರಸೆ. ಎಷ್ಟು ಅನ್ನೋದಕ್ಕೆ ಅಂಕಿ, ಮಿಕ್ಕಿದ್ದಕ್ಕೆಲ್ಲ ಮೊದಲಕ್ಷರ.”

“ಊರು, ಯಾವುದರಲ್ಲಿ, ಎಷ್ಟು, ಏನು!” ಎಂದು ಬೂತಿನವರಿಗೆಲ್ಲ ಕೇಳುವಂತೆ ಹೇಳಿ, “ಇಡ್ತೀನಿ!” ಎಂದು ಇಟ್ಟುಬಿಟ್ಟ.

ಅತ್ತೆ ಗಾಬರಿಯಿಂದ ನನ್ನ ತೋಳು ಹಿಡಿದಳು. “ಯಾರಿಗೇನಾಯ್ತೇ? ಏನ್ ಹೋಯ್ತು?”

“ಏನೂ ಹೋಗಿಲ್ಲ ಅತ್ತೆ, ಒಂದ್ ನವಿಲು ಉಳ್ಕೊಬೇಕು ಅಷ್ಟೇ,” ಎಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಮಗುವಿಗೆ ಏನು ಹೆಸರಿಟ್ಟರು ಎಂಬುದನ್ನೂ ಕೇಳಿಸಿಕೊಳ್ಳದೆ ಸಿಕ್ಕಿದ ಬಸ್ಸು ಹತ್ತಿದೆ. ಅವತ್ತು ದೇವನಹಳ್ಳಿಯ ದಾರಿ ಎಂದಿಗಿಂತ ಉದ್ದವಾಗಿತ್ತು. ತೆರೆಯಿತೋ ಇಲ್ಲವೋ? ಅವನು ತೂಬಗೆರೆಗೆ ಟಿ ಬದಲು ಡಿ ಒತ್ತಿದ್ದರೆ? ಬೇರೆ ಯಾವುದೋ ಅಳುವನ್ನು ನೆನೆದುಕೊಂಡಿದ್ದರೆ? ನಾನು ಅಳುತ್ತಿದ್ದದ್ದು ಒಂದೆರಡು ಸಲವಲ್ಲವಲ್ಲ!

ಬಿಸಿಲು ಇಳಿಯುವ ಹೊತ್ತಿಗೆ ಬೀದಿಯ ತಿರುವಿಗೆ ಬಂದೆ. ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಕಂಡವಳೇ ಎರಡೂ ಕೈ ಎತ್ತಿ ನವಿಲಿನಂತೆ ಆಡಿಸಿದಳು. ನಾನು ಅಲ್ಲಿಂದಲೇ ಓಡಿದೆ.

“ತೆಗೀತಾ?”

“ಮೊದಲು ತೆಗೀಲಿಲ್ಲ! ಈ ಮಹಾನುಭಾವ ಒತ್ತಿದ್ದು ಏನ್ ಗೊತ್ತಾ? ಎಕ್ಕಡ! ಎಕ್ಕಡಕ್ಕೆ ಇ ಅಂತ ಒತ್ತಿದಾನೆ. ಹೋಯ್ತು. ಆಮೇಲೆ ಯಕ್ಕಡ ಇರಬೋದು ಅಂತ ವೈ ಒತ್ತಿದಾನೆ. ಅದೂ ಹೋಯ್ತು. ಬೇವರ್ಸಿ ಯಂತ್ರ ಅಂತ ಬೈತಾ ಕೂತಿದ್ದ. ಚಿಕ್ಕಪೇಟೆಯೋರು ಚೀಲ ಕೈಗೆ ತಗೊಂಡು ಎದ್ದೇಬಿಟ್ಟರು. ನಾನು ಪಕ್ಕಕ್ಕೆ ಕರೆದು ಏನ್ರೀ ಅದು ಅಂದೆ. ಎಕ್ಕಡ ಅಂತ ಕಿವೀಲಿ ಹೇಳ್ದ. ಅಯ್ಯೋ, ಆ ಹುಡುಗಿ ಯಾವತ್ತು ಎಕ್ಕಡ ಅಂದಿದಾಳ್ರೀ, ಅವಳ ಬಾಯಲ್ಲಿ ಬರೋದು ಚಪ್ಪಲಿ ಅಂದೆ. ಒತ್ತಿದ ನೋಡು, ಪಟಾರ್ ಅಂತ ತೆಗೀತು!”

ಒಳಗೆ ದೊಡ್ಡಪ್ಪ ಪರದೆಯ ಮುಂದೆ ರಾಜನಂತೆ ಕುಳಿತಿದ್ದ. ವ್ಯಾಪಾರಿ ನವಿಲನ್ನು ನೋಡಿ, ಬಸ್ಸನ್ನೂ ಬಿಟ್ಟು, ಕಾಫಿ ತರಿಸಿಕೊಂಡು ಮತ್ತೆ ಮತ್ತೆ ನೋಡಿದರಂತೆ. ಹಬ್ಬದ ಸೀರೆಗಳಿಗೆ ಆ ಅಂಚನ್ನೇ ಹಾಕಿಸುವುದು ಎಂದು ಮಾತಾಗಿತ್ತು. ನಾನು ಕುಣಿದೆ. ದೊಡ್ಡಪ್ಪ ಏಳದೆ ಕೂತಲ್ಲೇ ಕುಣಿದ. ಆ ವರ್ಷದ ಹಬ್ಬಕ್ಕೆ ಚಿಕ್ಕಪೇಟೆಯ ಅಂಗಡಿಯ ಗಾಜಿನೊಳಗೆ ನಮ್ಮ ನವಿಲನ್ನು ಮೊದಲ ಸಲ ನೋಡಿದಾಗ, ಅದು ಬೇರೆ ಯಾರ ಮಗ್ಗದಲ್ಲೂ ಇನ್ನೂ ಬಂದಿರಲಿಲ್ಲ.

ಅದಿರಲಿ. ಆ ಸಂಜೆ ನಾವು ಕುಣಿದು ಮುಗಿಸುವವರೆಗೂ ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ಕಾದಿದ್ದಳು. ಆಮೇಲೆ ಕೇಳಿದಳು.

“ಎಕ್ಕಡಾನೂ ಗೊತ್ತಾಯ್ತು, ಚಪ್ಪಲೀನೂ ಗೊತ್ತಾಯ್ತು. ಇನ್ನು ಇದನ್ನ ಬದಲಾಯಿಸ್ಬೇಕು ತಾನೇ?”

“ಹೂಂ, ನಾಳೆ ಬದಲಾಯಿಸ್ತೀವಿ,” ಎಂದ ದೊಡ್ಡಪ್ಪ.

“ನಾಳೆ ಯಾಕೆ? ಈಗ್ಲೇ. ನಂಗೂ ಒಂದು ಪಾಲು ಬೇಕು. ನಾನಿಲ್ದಿದ್ರೆ ನಿಮ್ಮ ನವಿಲು ಇವತ್ತು ಹೊರಗೇ ಬರ್ತಿರ್ಲಿಲ್ಲ.”

ದೊಡ್ಡಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನಿಗೆ ಮೂರು, ನನಗೆ ಮೂರು, ದೊಡ್ಡಮ್ಮನಿಗೆ ಎರಡು ಅಕ್ಷರ ಎಂದು ಹಂಚಿದೆವು. ಎರಡೇ ಯಾಕೆ ಎಂದು ಅವಳು ತಕರಾರು ತೆಗೆದಳು. ಕೊನೆಗೆ ದೊಡ್ಡಪ್ಪ ತನ್ನದೊಂದನ್ನು ಬಿಟ್ಟುಕೊಟ್ಟ. ನಾವಿಬ್ಬರೂ ಒತ್ತಿ ಹೊರಗೆ ಬಂದೆವು. ದೊಡ್ಡಮ್ಮ ಕೋಣೆಯ ಬಾಗಿಲು ಹಾಕಿ ಚಿಲಕ ಜಡಿದಳು. ಒಳಗಿನಿಂದ ಟಕ್ ಎಂದು ಒಂದು ಸದ್ದು. ಬಹಳ ಹೊತ್ತು ಬಿಟ್ಟು ಇನ್ನೊಂದು. ಆಮೇಲೆ ಏನೂ ಇಲ್ಲ.

“ಇನ್ನೊಂದ್ ಅಕ್ಷರ ಬಾಕಿ ಇದೆ ಕಣೇ!” ಎಂದು ದೊಡ್ಡಪ್ಪ ಬಾಗಿಲ ಹೊರಗಿನಿಂದ ಕೂಗಿದ.

“ಗೊತ್ತು! ಯೋಚ್ನೆ ಮಾಡ್ತಿದೀನಿ, ಸುಮ್ನಿರಿ!” ಎಂದಳು ಅವಳು.