ಎಲೆಚೀಲದೊಳಗಿನ ಗುಳಿಗೆ

ನಾನು ಸುಳ್ಳು ಹೇಳಿದೆ. ಅದನ್ನು ನಂಬಿ ರಸೂಲ ಕಾಲು ಮುರಿದುಕೊಂಡ. ಮೊದಲು ಇಷ್ಟು ತಿಳಿದುಕೊಳ್ಳಿ. ಕನಿಕರ ಆಮೇಲೆ — ಬೇಡ, ಅದು ಬೇಡವೇ ಬೇಡ.

ಆಗ ನಾವಿಬ್ಬರೂ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲರು. ಎಪ್ಪತ್ತೆಂಟರ ಸುಗ್ಗಿಯಲ್ಲಿ ನನಗೆ ಶುರುವಾಯಿತು. ಚೀಲ ಹೊತ್ತು ಲಾರಿಗೆ ಹಾಕಿದ ಹಲಗೆ ಏರುವಾಗ ಎದೆ ಡವಡವ, ಕೈ ತಣ್ಣಗೆ, ಈಗಲೇ ಸಾಯುತ್ತೇನೆ ಎನ್ನುವ ಭಯ. ರಾಯಚೂರಿನ ಡಾಕ್ಟರು ಗುಳಿಗೆ ಕೊಟ್ಟರು. "ಆರಾಮ ಅನ್ಸಿದ್ರೂ ನೀನಾಗೇ ಬಿಡಬ್ಯಾಡ" ಎಂದರು. ಆರಾಮ ಅನಿಸಿತು, ಬಿಟ್ಟೆ. ದೇವದುರ್ಗದ ಬಸ್ಸಿನಲ್ಲಿ ಮತ್ತೆ ಹಿಡಿಯಿತು — ಓಡುವ ಬಸ್ಸಿನಿಂದ ಜಿಗಿಯಲು ಹೋದೆ. ಮತ್ತೆ ಗುಳಿಗೆ. ಒಂದು ವಾರ ಚೆನ್ನ, ಇನ್ನೊಂದು ವಾರ ನರಕ. ಕೊನೆಗೆ ದಿನಾ ಬಿಡದೆ ನುಂಗಿದ ಮೇಲೆ ನೆಟ್ಟಗಾದೆ.

ಹುಚ್ಚನಿಗೆ ಯಾರು ಹೆಣ್ಣು ಕೊಡುತ್ತಾರೆ? ಗುಳಿಗೆಯನ್ನು ಎಲೆಚೀಲದಲ್ಲಿ ಬಚ್ಚಿಟ್ಟು, ಅಡಿಕೆಯಂತೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಹೇಗೆ ಆರಾಮಾಯಿತು ಎಂದು ಕೇಳಿದವರಿಗೆ ತೋಳಿನ ತಾಯಿತ ತೋರಿಸುತ್ತಿದ್ದೆ.

ರಸೂಲನಿಗೂ ಅದೇ ರೋಗ, ಅದೇ ಗುಳಿಗೆ. ಅವನು ಎಲ್ಲರೆದುರೇ ನುಂಗುತ್ತಿದ್ದ. ಗಿರಣಿಯವರು ಬಿಡುತ್ತಾರೆಯೇ?

"ಏ ಗುಳಿಗಿ ಪೈಲ್ವಾನ! ಹುಚ್ಚು ಇಳದದೋ, ಇನ್ನೂ ಏರಾಕತ್ತದೋ?"

ಜೋರಾಗಿ ನಕ್ಕವನು ನಾನು.

ಒಂದು ದಿನ ಅವನು ನನ್ನನ್ನು ಪಕ್ಕಕ್ಕೆ ಕರೆದ. "ನಿನಗೂ ಹಿಂಗ ಆಗಿತ್ತಲ್ಲಲೇ ಭೀಮ್ಯಾ. ಹೆಂಗ ಆರಾಮಾದಿ? ಖರೇ ಹೇಳು."

"ಮಲ್ಲಟ ಊರಿನ ಅಜ್ಜ ಮಂತ್ರಿಸಿ ಕಟ್ಟಿದ ತಾಯಿತ ನೋಡಪಾ. ಗುಳಿಗಿ-ಗಿಳಿಗಿ ಎಲ್ಲಾ ಸುಳ್ಳು."

ಎಲೆಚೀಲ ಆಗ ನನ್ನ ಸೊಂಟದಲ್ಲೇ ಇತ್ತು.

ಅವನು ತಾಯಿತ ಕಟ್ಟಿಸಿಕೊಂಡ, ಗುಳಿಗೆ ಬಿಟ್ಟ. ಸ್ವಲ್ಪ ದಿನಕ್ಕೆ ಚೀಲ ಹೊತ್ತವನು ಹಲಗೆಯ ನಡುವೆ ನಿಂತುಬಿಟ್ಟ — ಮುಂದೆ ಹೋಗಲಾರ, ಹಿಂದೆ ಬರಲಾರ. ಏನಾಗುತ್ತಿದೆ ಎಂದು ಕೆಳಗಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆದರೂ ಕೂಗಿದೆ: "ಇಳಿಯಲೇ, ನಾಟಕ ಸಾಕು!"

ಬಿದ್ದ.

ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಹೋದ ವಾರ ಗಿಲ್ಲೆಸುಗೂರಿಗೆ, ಅವನ ಮನೆಗೆ ಹೋದೆ. ಎಲ್ಲ ಹೇಳಿ ಗುಳಿಗೆ ತೋರಿಸಿದೆ. ಅವನು ಊರುಗೋಲು ಪಕ್ಕಕ್ಕಿಟ್ಟು ನೋಡಿದ.

"ನನ್ನ ಮುಂದ ನುಂಗು."

ನೀರು ಕೊಡಲಿಲ್ಲ. ಒಣ ಗಂಟಲಲ್ಲೇ ನುಂಗಿದೆ.

"ಇನ್ನ ನಡಿ. ಮತ್ತ ಈ ಕಡಿ ಬರಬ್ಯಾಡ."

ಈಗ ಗಿರಣಿಯಲ್ಲಿ ಎಲ್ಲರೆದುರೇ ನುಂಗುತ್ತೇನೆ. ಗುಳಿಗಿ ಪೈಲ್ವಾನ ಎನ್ನುತ್ತಾರೆ, ನಗುತ್ತಾರೆ. ನಗಲಿ. ರಸೂಲನಿಗೆ ಆ ಹೆಸರು ಇಟ್ಟವನು ನಾನೇ.